ಐವತ್ತು ಎಂ.ಎಲ್. ಹಾಲಿನ ಪಾಠ

ಮೂರನೇ ತರಗತಿಯ ಆ ಹುಡುಗನ ತಂದೆ ಯಲಹಂಕದ ಬಸ್ ಸ್ಟ್ಯಾಂಡ್ ಹತ್ತಿರ ತಳ್ಳುಗಾಡಿಯಲ್ಲಿ ಹಣ್ಣು ಮಾರುತ್ತಿದ್ದರು. ನಮ್ಮ ತರಗತಿಯ ಗೋಡೆಯ ಮೇಲೆ ಇಪ್ಪತ್ನಾಲ್ಕು ಹಣ್ಣುಗಳ ಚಾರ್ಟು. ನಾನೇ ಅವೆನ್ಯೂ ರಸ್ತೆಯಿಂದ ಕೊಂಡು ತಂದು ಅಂಟಿಸಿದ್ದು. ಎರಡು ವಾರ ದಿನಕ್ಕೊಂದು ಪೀರಿಯಡ್ ಆ ಚಾರ್ಟಿನ ಮುಂದೆಯೇ ಕಳೆದಿದ್ದೆವು. ನಾನು ಕೋಲು ಇಟ್ಟರೆ ಸಾಕು, ಮಕ್ಕಳು ಹೆಸರು ಕೂಗುತ್ತಿದ್ದರು. ಒಂದು ದಿನ ಶಾಲೆ ನೋಡಲು ಬಂದ ಹಿರಿಯರೊಬ್ಬರು ಈ ಹುಡುಗನನ್ನು ಎಬ್ಬಿಸಿ, ‘ವಿಚ್ ಫ್ರೂಟ್ ಡು ಯು ಲೈಕ್?’ ಎಂದು ಮೆತ್ತಗೆ ಕೇಳಿದರು. ಅವನು ಕೈಕಟ್ಟಿ ನಿಂತು ‘ಆಪಲ್, ಬನಾನಾ, ಮ್ಯಾಂಗೋ, ಗ್ರೇಪ್ಸ್’ ಎಂದು ಶುರು ಮಾಡಿದವನು ಚಾರ್ಟಿನ ಕೊನೆಯ ಮೂಲೆಯಲ್ಲಿದ್ದ ಸ್ಟ್ರಾಬೆರಿವರೆಗೂ ಒಂದೇ ಉಸಿರಿಗೆ ಹೇಳಿ ಕುಳಿತ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಬಂದಿದ್ದವರು ನಕ್ಕು, ಅವನ ಬೆನ್ನು ತಟ್ಟಿ ಹೋದರು.

ಸಾಯಂಕಾಲ ಬಸ್ಸಿಗೆ ಕಾಯುವಾಗ ಅವನು ಅಪ್ಪನ ಗಾಡಿಯ ಹತ್ತಿರ ನಿಂತಿರುವುದು ಕಂಡಿತು. ‘ಈ ಸೀಬೆ ತಗೊಳ್ಳಿ ಆಂಟಿ, ಇವತ್ತು ಬಂದಿರೋದು. ಅದು ನಿನ್ನೇದು, ಮೆತ್ತಗಾಗಿದೆ. ಮಗೂಗಾದ್ರೆ ಬಾಳೆಹಣ್ಣೇ ಒಳ್ಳೇದು’ ಎಂದು ಗಿರಾಕಿಗೆ ಹೇಳುತ್ತಿದ್ದ. ಆರಿಸುವುದು, ಹೋಲಿಸುವುದು, ಕಾರಣ ಹೇಳುವುದು, ಎದುರಿನವರ ಅಗತ್ಯ ತಿಳಿದು ಮಾತಾಡುವುದು, ಎಲ್ಲವೂ ಎಂಟು ವರ್ಷದ ಆ ಬಾಯಲ್ಲಿತ್ತು. ಹಣ್ಣಿನ ವಿಷಯದಲ್ಲಿ ಇಷ್ಟು ಮಾತು ಬಲ್ಲ ಮಗುವಿಗೆ ನಾನು ಹದಿನಾಲ್ಕು ದಿನದಲ್ಲಿ ಕೊಟ್ಟದ್ದು ಇಪ್ಪತ್ನಾಲ್ಕು ಹೆಸರು. ಅದು 2009. ಆ ಸಂಜೆಯ ನಾಚಿಕೆ ಈಗಲೂ ನನ್ನಲ್ಲಿ ಹಸಿಯಾಗಿದೆ.

ನಮ್ಮ ಸರ್ಕಾರಿ ಕನ್ನಡ ಶಾಲೆಗಳಿಗೆ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದದ್ದು 2007ರಲ್ಲಿ. ಅದಕ್ಕೆ ಮೊದಲು ಐದನೇ ತರಗತಿಯಿಂದ ಇತ್ತು. ನಾನೂ ಐದರಲ್ಲೇ ಎ, ಬಿ, ಸಿ, ಡಿ ಕಲಿತವಳು. ‘ದಿಸ್ ಈಸ್ ಎ ಪೆನ್, ದಟ್ ಈಸ್ ಎ ಬುಕ್’ ಎಂಬ ವಾಕ್ಯಗಳ ಮೆಟ್ಟಿಲು ಹತ್ತಿ ಬಂದವಳು. ಪೆನ್ನು ನಮ್ಮ ಮೇಷ್ಟ್ರ ಕೈಯಲ್ಲಿ ಎದುರಿಗೇ ಇರುತ್ತಿತ್ತು. ಅದು ಪೆನ್ನು ಎಂದು ಯಾರಿಗೂ ಹೇಳಬೇಕಾದ ಅಗತ್ಯ ಇರಲಿಲ್ಲ, ಆದರೂ ದಿನಾ ಹೇಳುತ್ತಿದ್ದೆವು. ಹಾಗೆ ಕಲಿತವರೇ ಆರು ವರ್ಷದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಬೇಕೆಂದಾಗ ‘ಥೀಮ್ ತಗೊಂಡು ಮಾಡಿ’ ಎಂಬ ಸಲಹೆ ತರಬೇತಿಗಳಲ್ಲಿ ಸಿಕ್ಕಿತು. ಹಣ್ಣು, ಪ್ರಾಣಿ, ಬಣ್ಣ, ನನ್ನ ಕುಟುಂಬ, ನನ್ನ ಮನೆ. ಹಳೆಯ ಪಾಠಪಟ್ಟಿಗೆ ಹೊಸ ತಲೆಬರಹ ಬಂತು ಎಂದಷ್ಟೇ ನಾನು ಅರ್ಥ ಮಾಡಿಕೊಂಡೆ. ತಪ್ಪು ಅಲ್ಲಿಂದ ಶುರುವಾಯಿತು.

ಕೆಲವು ವರ್ಷಗಳ ಮೇಲೆ ಜ್ಞಾನಭಾರತಿಯಲ್ಲಿರುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಗೆ ಮೂವತ್ತು ದಿನಗಳ ತರಬೇತಿಗೆ ಹೋದೆ. 1963ರಲ್ಲಿ ಶುರುವಾದ ಸಂಸ್ಥೆ ಅದು; ದಕ್ಷಿಣದ ರಾಜ್ಯಗಳ ಶಿಕ್ಷಕರು ಅಲ್ಲಿಗೆ ಬರುತ್ತಾರೆ. ‘ಬೆಂಗಳೂರು ಪ್ರಾಜೆಕ್ಟ್’ ಎಂಬ ಹೆಸರು ನಾನು ಮೊದಲು ಕೇಳಿದ್ದು ಅಲ್ಲೇ. ನಮ್ಮೂರಿನ ಹೆಸರು ಹೊತ್ತು ಪ್ರಪಂಚದ ಭಾಷಾ ಶಿಕ್ಷಣದ ಪುಸ್ತಕಗಳಲ್ಲೆಲ್ಲ ಕಾಣಿಸಿಕೊಳ್ಳುವ ಪ್ರಯೋಗ. ಆದರೆ ಬೆಂಗಳೂರಿನ ಶಿಕ್ಷಕರಲ್ಲೇ ಎಷ್ಟೋ ಜನಕ್ಕೆ ಅದು ಗೊತ್ತಿಲ್ಲ. ಆಗ ಮದರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮುಂತಾದ ಕಡೆಯ ಸಾಮಾನ್ಯ ಶಾಲೆಗಳಲ್ಲಿ ಅದನ್ನು ನಡೆಸಿದರು. ವ್ಯಾಕರಣದ ಮೆಟ್ಟಿಲು ಬೇಡ. ಮಕ್ಕಳ ಮುಂದೆ ಒಂದು ಲೆಕ್ಕ, ಒಂದು ನಕ್ಷೆ, ಒಂದು ರೈಲಿನ ವೇಳಾಪಟ್ಟಿ ಇಡಿ. ಅದನ್ನು ಬಿಡಿಸುವಾಗ ಮಗುವಿನ ಗಮನವೆಲ್ಲ ಅರ್ಥದ ಮೇಲಿರುತ್ತದೆ, ಭಾಷೆ ಆ ಗಡಿಬಿಡಿಯಲ್ಲೇ ಒಳಗೆ ಇಳಿಯುತ್ತದೆ. 1987ರಲ್ಲಿ ಬಂದ ಅವರ ಪುಸ್ತಕದ ತಿರುಳು ಇದು. ಮೊದಲು ಇಡೀ ತರಗತಿ ಟೀಚರ್ ಜೊತೆ ಒಂದು ಲೆಕ್ಕ ಬಿಡಿಸುತ್ತದೆ, ಆಮೇಲೆ ಅಂಥದೇ ಇನ್ನೊಂದನ್ನು ಮಕ್ಕಳು ಒಬ್ಬೊಬ್ಬರೇ ಬಿಡಿಸುತ್ತಾರೆ. ಅರ್ಧ ತರಗತಿಯಾದರೂ ಅರ್ಧ ಕೆಲಸವನ್ನಾದರೂ ಸರಿಯಾಗಿ ಮಾಡಿದರೆ ಆ ಕೆಲಸ ಅವರ ಮಟ್ಟಕ್ಕೆ ಹೊಂದಿತು ಎಂದು ಲೆಕ್ಕ. ಈ ಅರ್ಧದ ಅಳತೆಗೋಲು ನನಗೆ ಬಹಳ ಸಮಾಧಾನ ಕೊಟ್ಟಿತು. ನೂರಕ್ಕೆ ನೂರು ಬರಬೇಕೆಂಬ ಹಟದಲ್ಲಿ ನಾನು ಅಲ್ಲಿಯವರೆಗೆ ಮಕ್ಕಳನ್ನೂ ನನ್ನನ್ನೂ ದಣಿಸಿದ್ದೆ.

ಅಲ್ಲಿಂದ ಬಂದ ಮೇಲೆ ನನ್ನ ಹಣ್ಣಿನ ಚಾರ್ಟಿನಲ್ಲಿ ಏನಿರಲಿಲ್ಲ ಎಂಬುದು ಹೊಳೆಯಿತು. ಅದರಲ್ಲಿ ಕಂಡುಹಿಡಿಯಬೇಕಾದದ್ದು ಏನೂ ಇರಲಿಲ್ಲ. ಉತ್ತರ ಮೊದಲೇ ಗೋಡೆಯ ಮೇಲಿತ್ತು.

ಹೊಳೆದ ಮಾತ್ರಕ್ಕೆ ತಪ್ಪು ನಿಲ್ಲಲಿಲ್ಲ. ಮುಂದಿನ ತಪ್ಪು ಇದಕ್ಕಿಂತ ದೊಡ್ಡದು, ಅದನ್ನು ಹೇಳದೆ ಈ ಲೇಖನ ಪೂರ್ತಿಯಾಗುವುದಿಲ್ಲ. ಮಕ್ಕಳಿಗೆ ಹತ್ತಿರವಾದ ವಿಷಯ ತೆಗೆದುಕೊಳ್ಳಬೇಕು ಎನ್ನುತ್ತಾರೆ. ಮನೆಗಿಂತ ಹತ್ತಿರದ್ದು ಯಾವುದು ಎಂದುಕೊಂಡು ‘ಮೈ ಹೌಸ್’ ಶುರು ಮಾಡಿದೆ. ಕಿಚನ್, ಬೆಡ್‌ರೂಮ್, ಬಾತ್‌ರೂಮ್, ಗಾರ್ಡನ್. ನಿಮ್ಮ ಮನೆಯ ಚಿತ್ರ ಬರೆದು, ಕೋಣೆಗಳ ಹೆಸರು ಹಾಕಿ ತನ್ನಿ ಎಂದೆ. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬದ ಹುಡುಗಿಯೊಬ್ಬಳು ನಾಲ್ಕನೇ ತರಗತಿಯಲ್ಲಿದ್ದಳು. ಕೋಗಿಲು ಕಡೆ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಪಕ್ಕ ತಗಡಿನ ಶೆಡ್ಡಿನಲ್ಲಿ ಅವರ ವಾಸ. ಅವಳು ತಂದ ಚಿತ್ರದಲ್ಲಿ ಕೆಂಪು ಹೆಂಚಿನ ಮನೆ, ಹೊಗೆಗೂಡು, ಎರಡು ಕಿಟಕಿ, ಮುಂದೆ ಹೂವು. ನನ್ನ ಚಾರ್ಟಿನ ಮನೆಯನ್ನೇ ಗೆರೆ ತಪ್ಪದಂತೆ ಬರೆದಿದ್ದಳು. ‘ಚೆನ್ನಾಗಿದೆ’ ಎಂದು ನಾನು ಸಹಿ ಮಾಡಿದೆ. ಪಕ್ಕದ ಹುಡುಗ, ‘ಮಿಸ್, ಇದು ಇವ್ಳ ಮನೆ ಅಲ್ಲ, ಇವ್ಳಿಗೆ ಬಾತ್‌ರೂಮೇ ಇಲ್ಲ’ ಎಂದ. ಅವಳು ಪುಸ್ತಕ ಮುಚ್ಚಿಟ್ಟಳು. ಮೂರು ದಿನ ಶಾಲೆಗೆ ಬರಲಿಲ್ಲ.

ನಾನೇ ಹುಡುಕಿಕೊಂಡು ಹೋದೆ. ಅವಳ ತಾಯಿ ಬಾಂಡ್ಲಿಯನ್ನು ತಲೆಯಿಂದ ಇಳಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ‘ಬರ್ರೀ ಟೀಚರ್ರೀ’ ಎಂದು ಸಿಮೆಂಟ್ ಚೀಲ ಕೊಡವಿ ಹಾಸಿ ಕೂರಿಸಿದರು. ಕೂತಲ್ಲೇ ಸುತ್ತ ಕಿವಿಗೆ ಬಿದ್ದ ಮಾತು ನನ್ನನ್ನು ತಟ್ಟಿತು. ಸೆಂಟ್ರಿಂಗ್, ರಾಡು, ಪಿಲ್ಲರ್, ಮೋಲ್ಡ್, ಲೆವೆಲ್, ಕ್ಯೂರಿಂಗ್, ಪ್ಲಾಸ್ಟರ್. ಆ ಜಾಗದ ಕನ್ನಡದ ತುಂಬ ಇಂಗ್ಲಿಷ್ ಇತ್ತು. ಹುಡುಗಿಗೆ ಅವೆಲ್ಲದರ ಅರ್ಥ ಗೊತ್ತಿತ್ತು, ನನಗೆ ಕ್ಯೂರಿಂಗ್ ಎಂದರೇನು ಎಂದು ಗೊತ್ತಿರಲಿಲ್ಲ. ‘ಹಾಕಿದ ಮ್ಯಾಲ ಕಾಂಕ್ರೀಟಿಗೆ ದಿನಾ ನೀರ್ ಹೊಡೀಬೇಕ್ರೀ, ಇಲ್ಲಂದ್ರ ಸೀಳ್ತದ’ ಎಂದು ಅವಳೇ ಹೇಳಿಕೊಟ್ಟಳು.

ವಾರದ ಮೇಲೆ ಅದೇ ಪಾಠವನ್ನು ಬೇರೆ ಪ್ರಶ್ನೆಯಿಂದ ಶುರು ಮಾಡಿದೆ. ಮನೆಯಲ್ಲಿ ಏನೇನಿದೆ ಎಂದು ಕೇಳಲಿಲ್ಲ. ಮನೆ ಕಟ್ಟುವವರು ಯಾರು, ಮೊದಲು ಏನು, ಆಮೇಲೆ ಏನು ಎಂದು ಕೇಳಿದೆ. ಮೂರು ಮಕ್ಕಳ ತಂದೆ ಗಾರೆ ಕೆಲಸದವರು, ಒಬ್ಬನ ಚಿಕ್ಕಪ್ಪ ಪ್ಲಂಬರ್, ಒಬ್ಬಳ ಅಣ್ಣ ಪೇಂಟರ್. ಕ್ರಿಯಾಪದಗಳು ತಾವಾಗಿ ಬಂದವು: ಡಿಗ್, ಮಿಕ್ಸ್, ಲಿಫ್ಟ್, ಕ್ಯಾರಿ, ಪೋರ್. ‘ಮೈ ಫಾದರ್ ಮಿಕ್ಸಸ್. ಮೈ ಮದರ್ ಕ್ಯಾರೀಸ್’ ಎಂದು ಆ ಹುಡುಗಿ ತಲೆಯ ಮೇಲೆ ಕೈ ಇಟ್ಟು ತೋರಿಸುತ್ತ ಹೇಳಿದಳು. ಕ್ರಿಯಾಪದದ ಕೊನೆಯ ಆ ‘ಸ್’ ಅನ್ನು ಹಿಂದಿನ ವರ್ಷ ನಾನು ಒಂದು ತಿಂಗಳು ಕಾಪಿ ಬರೆಸಿಯೂ ಕೂರಿಸಲಾಗಿರಲಿಲ್ಲ. ಕುಟುಂಬ, ಮನೆ, ಹುಟ್ಟುಹಬ್ಬ, ರಜೆಯಲ್ಲಿ ಎಲ್ಲಿಗೆ ಹೋಗಿದ್ದಿರಿ ಎಂಬ ವಿಷಯಗಳನ್ನು ನಾನೀಗ ಮುಟ್ಟುವ ಮೊದಲು ಹಾಜರಿ ಪುಸ್ತಕ ತೆರೆದು ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ನೋಡುತ್ತೇನೆ. ಯಾರ ಮನೆಯಲ್ಲಿ ಅಪ್ಪ ಇಲ್ಲ, ಯಾರು ಅಜ್ಜಿಯ ಹತ್ತಿರ ಇದ್ದಾರೆ, ಯಾರಿಗೆ ಹುಟ್ಟಿದ ದಿನವೇ ನೆಟ್ಟಗೆ ಗೊತ್ತಿಲ್ಲ. ಪಾಠ ಯೋಜನೆಯ ನಮೂನೆಯಲ್ಲಿ ಇದಕ್ಕೆ ಕಾಲಂ ಇಲ್ಲ, ಇರಬೇಕು.

ಇನ್ನು ಹಾಲಿನ ವಿಷಯ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ನಾನು ಮನಸಾರೆ ಒಪ್ಪುವ ಪಾಠ ಯಾವುದು ಎಂದರೆ ಇದೇ.

2024ರ ಜೂನ್ ಕೊನೆಯ ವಾರ ನಂದಿನಿ ಹಾಲಿನ ಪ್ಯಾಕೆಟ್ಟು ಬದಲಾಯಿತು. ರಾಜ್ಯದಲ್ಲಿ ದಿನದ ಹಾಲಿನ ಸಂಗ್ರಹ ಒಂದು ಕೋಟಿ ಲೀಟರಿನ ಹತ್ತಿರ ಬಂದಿತ್ತು. ಹಾಗಾಗಿ ಅರ್ಧ ಲೀಟರಿನ ಪ್ಯಾಕೆಟ್ಟಿಗೆ 50 ಎಂ.ಎಲ್. ಸೇರಿಸಿ, ಬೆಲೆ ಎರಡು ರೂಪಾಯಿ ಏರಿಸಿದರು. ನೀಲಿ ಪ್ಯಾಕೆಟ್ಟು 22 ರೂಪಾಯಿ ಇದ್ದದ್ದು 24 ಆಯಿತು. ನಮ್ಮ ಯಲಹಂಕ ಉಪನಗರದಲ್ಲೇ ಮದರ್ ಡೈರಿ ಇದೆ. ಎಷ್ಟೋ ಮಕ್ಕಳು ಬೆಳಿಗ್ಗೆ ಹಾಲಿನ ಬೂತಿಗೆ ಹೋಗಿ ಪ್ಯಾಕೆಟ್ ತಂದುಕೊಟ್ಟೇ ಶಾಲೆಗೆ ಬರುವವರು. ಐದನೇ ತರಗತಿಯ ಹುಡುಗಿಯೊಬ್ಬಳು ಹಾಜರಿ ಹಾಕುವ ಮೊದಲೇ ಬಂದು, ‘ಮಿಸ್, ಅಂಗಡಿಯವ್ರು ಎರಡು ರೂಪಾಯಿ ಜಾಸ್ತಿ ಇಸ್ಕೊಂಡ್ರು, ಅಮ್ಮ ನನಗೆ ಬೈದ್ರು’ ಎಂದಳು. ನಾನು ಅವತ್ತಿಗೆ ಬರೆದಿಟ್ಟುಕೊಂಡಿದ್ದ ಪಾಠ ಪಕ್ಕಕ್ಕಿಟ್ಟೆ. ನಾಳೆ ಎಲ್ಲರೂ ಖಾಲಿ ಹಾಲಿನ ಕವರು ತೊಳೆದು ತನ್ನಿ ಎಂದೆ.

ಮಾರನೆಯ ದಿನ ಮೇಜಿನ ಮೇಲೆ ನೀಲಿ, ಹಸಿರು, ಕೇಸರಿ ಕವರುಗಳ ರಾಶಿ. ಹಳೆಯ 500 ಎಂ.ಎಲ್. ಕವರೂ ಎರಡು ಸಿಕ್ಕಿದ್ದವು. ಮೊದಲ ದಿನ ಕೆಲಸ ಇಷ್ಟೇ: ಕವರಿನ ಮೇಲೆ ಏನೇನು ಅಚ್ಚಾಗಿದೆ ಹುಡುಕಿ. ಅದರ ಮೇಲಿನ ಇಂಗ್ಲಿಷನ್ನು ಓದಿಸಲು ನಾನು ಹೇಳಬೇಕಾಗಲಿಲ್ಲ, ಸಂಖ್ಯೆಗಳೇ ದಾರಿ ತೋರಿಸಿದವು. ಎರಡನೆಯ ದಿನ ಎರಡು ಮಾತು ಕೊಟ್ಟೆ, ‘ಮೋರ್’ ಮತ್ತು ‘ಲೆಸ್’. ಪ್ರಭು ಅವರ ರೀತಿಯಲ್ಲೇ ಮೊದಲು ಎಲ್ಲರೂ ಕೂಡಿ ಮೊಸರಿನ ಪ್ಯಾಕೆಟ್ಟಿನ ಲೆಕ್ಕ ಬೋರ್ಡಿನ ಮೇಲೆ ಬಿಡಿಸಿದೆವು, ಆಮೇಲೆ ಹಾಲಿನದನ್ನು ಅವರಿಗೇ ಬಿಟ್ಟೆ. ಹೌ ಮಚ್ ಮಿಲ್ಕ್? ಹೌ ಮಚ್ ಮನಿ? ‘ಮೋರ್ ಮಿಲ್ಕ್, ಮೋರ್ ಮನಿ’ ಎಂದು ಒಬ್ಬ ಕೂಗಿದ. ಹಿಂದಿನ ಬೆಂಚಿನ ಹುಡುಗ, ಲೆಕ್ಕದಲ್ಲಿ ಚುರುಕು, ತುಂಬ ಹೊತ್ತು ಗೀಚಿ, ಹಳೆಯ ದರದಲ್ಲಿ 50 ಎಂ.ಎಲ್.ಗೆ ಎರಡು ರೂಪಾಯಿ ಇಪ್ಪತ್ತು ಪೈಸೆ ಬೀಳುತ್ತದೆ ಎಂದು ಕಂಡುಹಿಡಿದ. ಎದ್ದು ನಿಂತು, ‘ಮಿಸ್, ನೋ ಲಾಸ್. ಟ್ವೆಂಟಿ ಪೈಸೆ ಗೇನ್’ ಎಂದ.

ಆಗ ಮೊದಲು ದೂರು ತಂದಿದ್ದ ಹುಡುಗಿ ಎದ್ದಳು. ಕೈಯಲ್ಲಿ ಕವರು ಹಿಡಿದೇ ಇದ್ದಳು. ‘ಬಟ್ ವಿ ಡೋಂಟ್ ವಾಂಟ್ ಫಿಫ್ಟಿ. ವಿ ವಾಂಟ್ ಓನ್ಲಿ ಫೈವ್ ಹಂಡ್ರೆಡ್.’ ಇನ್ನೊಬ್ಬಳು ಬೆರಳು ಮಡಿಸಿ ಲೆಕ್ಕ ಹಾಕಿ, ‘ಒನ್ ಮಂತ್ ಸಿಕ್ಸ್ಟಿ ರುಪೀಸ್’ ಎಂದಳು. ತಾತನಿಗೆ ದೇವನಹಳ್ಳಿ ಹತ್ತಿರ ಎರಡು ಹಸುವಿರುವ ಹುಡುಗ ಬಿಡಲಿಲ್ಲ: ‘ಮೈ ತಾತ ಗಿವ್ಸ್ ಮೋರ್ ಮಿಲ್ಕ್. ಯು ಡ್ರಿಂಕ್.’ ನಾನು ಸುಮ್ಮನೆ ಕಿಟಕಿಯ ಹತ್ತಿರ ನಿಂತುಬಿಟ್ಟೆ. ಹದಿನೇಳು ವರ್ಷದಿಂದ ಈ ಗಳಿಗೆಗೆ ಕಾದಿದ್ದೆ ಅನ್ನಿಸಿತು. ನಾನು ಕೇಳದೆ, ಪುಸ್ತಕ ನೋಡದೆ, ಮಕ್ಕಳು ಒಬ್ಬರಿಗೊಬ್ಬರು ಇಂಗ್ಲಿಷಿನಲ್ಲಿ ಎದುರು ಮಾತಾಡುತ್ತಿದ್ದರು. ಎಷ್ಟೋ ಮಾತಿನಲ್ಲಿ ವಾಕ್ಯ ಪೂರ್ತಿ ಇರಲಿಲ್ಲ, ಅಭಿಪ್ರಾಯ ಮಾತ್ರ ಎಲ್ಲರದೂ ಪೂರ್ತಿ ಇತ್ತು.

ಆ ವಿಷಯ ಮೂರು ವಾರ ನಡೆಯಿತು. ಶಾಲೆಯಲ್ಲಿ ಕೊಡುವ ಹಾಲಿಗೂ ಹೋದೆವು. 2013ರಲ್ಲಿ ಕ್ಷೀರಭಾಗ್ಯ ಯೋಜನೆ ಶುರುವಾದಾಗಿನಿಂದ ಮಗುವಿಗೆ 18 ಗ್ರಾಂ ಪುಡಿಯಿಂದ 150 ಎಂ.ಎಲ್. ಹಾಲು ಮಾಡಿ ಕೊಡುತ್ತೇವೆ. ನಮ್ಮ ತರಗತಿಯ ಮೂವತ್ತನಾಲ್ಕು ಜನಕ್ಕೆ 612 ಗ್ರಾಂ ಪುಡಿ, ಐದು ಲೀಟರ್ ನೂರು ಎಂ.ಎಲ್. ಹಾಲು. ಅಡುಗೆಯಮ್ಮನ ತಕ್ಕಡಿ ತಂದು ತೂಗಿ ನೋಡಿದರು; ‘ಫಸ್ಟ್ ಬಾಯ್ಲ್ ದ ವಾಟರ್, ದೆನ್ ಪುಟ್ ಪೌಡರ್, ದೆನ್ ಸ್ಟಿರ್’ ಎಂದು ಅಡುಗೆಯಮ್ಮನಿಗೇ ಪಾಠ ಹೇಳಿದರು. ಹೆಪ್ಪು ಹಾಕುವುದಕ್ಕೆ ಇಂಗ್ಲಿಷಿನಲ್ಲಿ ಅಷ್ಟು ಹದವಾದ ಮಾತು ನನಗೆ ಸಿಗಲಿಲ್ಲ. ‘ಮೈ ಅಜ್ಜಿ ಪುಟ್ಸ್ ಹೆಪ್ಪು ಇನ್ ದ ಮಿಲ್ಕ್’ ಎಂದೇ ಬರೆದರು, ಹಾಗೇ ಬಿಟ್ಟೆ. ಎಷ್ಟೊಂದು ಇಂಗ್ಲಿಷ್ ಪದ ನಮ್ಮ ಕನ್ನಡದಲ್ಲಿ ಕೂತಿರುವಾಗ ಒಂದು ಹೆಪ್ಪು ಅತ್ತ ಹೋದರೆ ಯಾವ ನಷ್ಟವೂ ಇಲ್ಲ.

ಮುಂದಿನ ಏಪ್ರಿಲ್ ಒಂದರಿಂದ ಆ 50 ಎಂ.ಎಲ್. ಹಿಂದಕ್ಕೆ ಹೋಗಿ, ಲೀಟರಿಗೆ ನಾಲ್ಕು ರೂಪಾಯಿ ಏರಿತು. ಅದೇ ಹುಡುಗಿ ಅಂಗಳದಲ್ಲೇ ನನ್ನನ್ನು ಹಿಡಿದು, ‘ಮಿಸ್, ಫಿಫ್ಟಿ ಗಾನ್’ ಎಂದಳು. ಒಂಬತ್ತು ತಿಂಗಳ ಹಿಂದಿನ ಪಾಠ ಅವಳಲ್ಲಿ ಇನ್ನೂ ನಡೆಯುತ್ತಲೇ ಇತ್ತು.

ಇಷ್ಟು ಖುಷಿಯ ನಡುವೆ ಒಂದು ಪೆಟ್ಟೂ ಬಿತ್ತು. ಹಾಲಿನ ವಿಷಯ ಮುಗಿದ ಮೇಲೆ ಬಂದ ಎಫ್.ಎ. (ರೂಪಣಾತ್ಮಕ ಮೌಲ್ಯಮಾಪನ) ಪರೀಕ್ಷೆಯಲ್ಲಿ, ಗಂಟೆಗಟ್ಟಲೆ ಹಾಲಿನ ಬಗ್ಗೆ ವಾದ ಮಾಡಿದ ಒಂಬತ್ತು ಮಕ್ಕಳು ‘ಮಿಲ್ಕ್’ ಎಂಬ ಪದವನ್ನು ಓದಲಾರದೆ ಹೋದರು. ಕವರಿನ ಬಣ್ಣ, ಚಿತ್ರ, ಸಂಖ್ಯೆ ನೋಡಿ ಓದಿದಂತೆ ಮಾಡಿದ್ದರು. ಅದನ್ನು ಓದು ಎಂದು ನಾನು ನಂಬಿದ್ದೆ. ಕನ್ನಡದ ಮಗುವಿಗೆ ಅಕ್ಷರ ಎಂದರೆ ಅದರ ಸದ್ದೇ. ಬರೆದಂತೆ ಓದುವ ಭಾಷೆಯಿಂದ ಬಂದದ್ದು ಅದು. ‘ಪುಟ್’ ಮತ್ತು ‘ಬಟ್’ ಎರಡರಲ್ಲೂ ನಡುವೆ ಒಂದೇ ಅಕ್ಷರ, ಸದ್ದು ಮಾತ್ರ ಬೇರೆ ಎಂಬುದನ್ನು ಯಾವ ಥೀಮೂ ತಾನಾಗಿ ಕಲಿಸುವುದಿಲ್ಲ. ಅಂದಿನಿಂದ ದಿನದ ಮೊದಲ ಹದಿನೈದು ನಿಮಿಷ ಯಾವ ವಿಷಯಕ್ಕೂ ಸೇರದ, ಬರೀ ಸದ್ದು ಮತ್ತು ಅಕ್ಷರದ ಅಭ್ಯಾಸಕ್ಕೆ ಮೀಸಲು. ವಿಷಯಾಧಾರಿತ ಕಲಿಕೆಯಲ್ಲಿ ನಂಬಿಕೆಯಿರುವ ಗೆಳತಿಯರು ಇದನ್ನು ಹಿಂದಕ್ಕೆ ಹೋದಂತೆ ಎನ್ನುತ್ತಾರೆ. ಪ್ರಶ್ನೆಪತ್ರಿಕೆ ಹಿಡಿದು ತಲೆ ತಗ್ಗಿಸಿ ಕುಳಿತ ಆ ಒಂಬತ್ತು ಮಕ್ಕಳನ್ನು ನೋಡಿದ ಮೇಲೆ ಅವರ ಮಾತು ನನಗೆ ಹಿಡಿಸುವುದಿಲ್ಲ.

ವಿಷಯ ಎಷ್ಟು ಚೆನ್ನಾಗಿದ್ದರೆ ಅಷ್ಟು ಅಪಾಯವೂ ಇದೆ. ಅದನ್ನು ಕಲಿಸಿದ್ದು ಜಕ್ಕೂರು ಕೆರೆ. ಹಾಲಿಗಿಂತ ಮೊದಲಿನ ಮಾತು, 2023ರ ಜನವರಿ. ಕೊರೋನಾದ ಎರಡು ವರ್ಷ ಮನೆಯಲ್ಲಿ ಕೂತು ಬಾಡಿದ್ದ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಬೇಕೆನಿಸಿತು. ಶುದ್ಧೀಕರಿಸಿದ ನೀರು ಜೊಂಡಿನ ನಡುವೆ ಹಾದು ಕೆರೆಗೆ ಸೇರುವ ಜಾಗದಲ್ಲಿ ನಿಂತು ಎರಡು ಗಂಟೆ ನೋಡಿದೆವು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ, ಬೆಳ್ಳಕ್ಕಿ. ಹಣೆಯ ಮೇಲೆ ಬಿಳಿ ನಾಮವಿರುವ ನಾಮದ ಕೋಳಿ ಕಂಡಾಗಂತೂ ಮಕ್ಕಳು ಕುಣಿದರು. ಮಿಂಚುಳ್ಳಿಗೆ ಇಂಗ್ಲಿಷಿನಲ್ಲಿ ಕಿಂಗ್‌ಫಿಶರ್ ಎಂದಾಗ, ‘ಮೀನು ಹಿಡಿಯೋದು ರಾಜ ಯಾಕಾಯ್ತು ಮಿಸ್? ನಮ್ಮ ಹೆಸರೇ ಚೆನ್ನಾಗಿದೆ, ಮಿಂಚಿನ ಥರಾನೇ ಇದೆ’ ಎಂದು ಒಬ್ಬ ತೀರ್ಪು ಕೊಟ್ಟ. ಮುಂದಿನ ಹತ್ತು ದಿನ ತರಗತಿ ತುಂಬ ಹಕ್ಕಿಯೇ. ಚಿತ್ರ, ಮಣ್ಣಿನ ಗೊಂಬೆ, ಕೆರೆಯ ನಕ್ಷೆ. ನೋಡಿದವರೆಲ್ಲ ಹೊಗಳಿದರು. ಕೊನೆಯಲ್ಲಿ ಕುಳಿತು ಲೆಕ್ಕ ಹಾಕಿದರೆ, ಹತ್ತು ದಿನದಲ್ಲಿ ಮಕ್ಕಳು ಆಡಿದ ಇಂಗ್ಲಿಷ್ ಏಳೆಂಟು ಹಕ್ಕಿಗಳ ಹೆಸರು. ಹೇಳಬೇಕಾದ್ದನ್ನೆಲ್ಲ ಸೊಗಸಾಗಿ ಕನ್ನಡದಲ್ಲಿ ಹೇಳಿ ಮುಗಿಸಿದ್ದರು. ಪರಿಸರ ಪಾಠವಾಗಿ ಅದು ಬಲು ಒಳ್ಳೆಯದು, ಇಂಗ್ಲಿಷ್ ಪಾಠವಾಗಿ ಮತ್ತೆ ಅದೇ ಹಣ್ಣಿನ ಚಾರ್ಟು.

ಹಾಗೆಂದು ಕನ್ನಡವನ್ನು ಬಾಗಿಲಾಚೆ ನಿಲ್ಲಿಸುವುದು ಪರಿಹಾರ ಎಂದು ನನಗೆ ಅನ್ನಿಸಲೇ ಇಲ್ಲ. ‘ಓನ್ಲಿ ಇಂಗ್ಲಿಷ್’ ಎಂದು ಬೋರ್ಡ್ ಹಾಕಿದ ತರಗತಿಗಳನ್ನು ನೋಡಿದ್ದೇನೆ. ಅಲ್ಲಿ ಮಕ್ಕಳು ಯೋಚನೆ ಮಾಡುವುದನ್ನೇ ನಿಲ್ಲಿಸಿ ಟೀಚರ್ ತುಟಿ ನೋಡುತ್ತ ಕೂರುತ್ತಾರೆ. ನಾನು ಮಾಡಿಕೊಂಡ ಏರ್ಪಾಡು ಇದು. ಹುಡುಕುವುದು, ಊಹಿಸುವುದು, ಜಗಳವಾಡುವುದು ಯಾವ ಭಾಷೆಯಲ್ಲಾದರೂ ಆಗಲಿ, ತೆಲುಗಿನಲ್ಲೂ ಉರ್ದುವಿನಲ್ಲೂ ಆಗಲಿ. ಕಂಡದ್ದನ್ನು ಇಡೀ ತರಗತಿಗೆ ಹೇಳುವ ಮೂರು ಮಾತು ಇಂಗ್ಲಿಷಿನಲ್ಲಿ ಇರಬೇಕು, ಆ ಮೂರು ಮಾತು ಯಾವ ಥರದವು ಎಂದು ವಿಷಯ ಶುರು ಮಾಡುವ ಮೊದಲೇ ನಾನು ತೀರ್ಮಾನಿಸಿರಬೇಕು. ಕೆರೆಗೆ ಹೋಗುವ ಮೊದಲು ‘ಇಟ್ ಈಸ್ ಈಟಿಂಗ್, ಇಟ್ ಈಸ್ ಫ್ಲೈಯಿಂಗ್, ಇಟ್ ಹ್ಯಾಸ್ ಎ ಲಾಂಗ್ ಬೀಕ್’ ಎಂಬಷ್ಟನ್ನು ಕಿಸೆಯಲ್ಲಿ ಹಾಕಿ ಕಳಿಸಿದ್ದರೆ ಸಾಕಿತ್ತು. ಮುಂದಿನ ವರ್ಷ ಹಾಗೇ ಮಾಡಿದೆ. ಹಕ್ಕಿಯ ಹೆಸರು ಹೇಳದೆ ಮೂರು ಮಾತಲ್ಲಿ ವರ್ಣಿಸು, ಉಳಿದವರು ಗುರುತಿಸಲಿ ಎಂಬ ಆಟ. ಕೊಕ್ಕರೆಯ ಕೊಕ್ಕಿಗೂ ಹೆಜ್ಜಾರ್ಲೆಯ ಕೊಕ್ಕಿಗೂ ಇರುವ ವ್ಯತ್ಯಾಸ ಹೇಳಲು ಅವರು ಪದಕ್ಕಾಗಿ ಪರದಾಡಿದ ಪರಿಯೇ ಪಾಠವಾಯಿತು.

ಒಂದು ವಿಷಯದ ಪದಗಳು ಮುಂದಿನ ವಿಷಯ ಬಂದಾಗ ಮರೆತುಹೋಗುತ್ತವೆ ಎಂಬುದೂ ಹೀಗೇ ಗೊತ್ತಾಯಿತು. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಹುಟ್ಟಿದ ನಲಿ-ಕಲಿ ಎಂಬ ಕಲಿಕಾ ಪದ್ಧತಿಯ ಕಾರ್ಡುಗಳಲ್ಲಿ ಹಿಂದಿನ ಮೆಟ್ಟಿಲಿನ ಮಾತು ಮುಂದಿನ ಮೆಟ್ಟಿಲಿನಲ್ಲಿ ಮತ್ತೆ ಬರುತ್ತದೆ. ಅದನ್ನೇ ಅನುಸರಿಸಿ, ಹಾಲಿನಲ್ಲಿ ಬಂದ ‘ಮೋರ್, ಲೆಸ್, ಬಿಕಾಸ್’ ಮೂರನ್ನೂ ಬಸ್ಸಿನ ವಿಷಯದಲ್ಲಿ, ಮಳೆಯ ವಿಷಯದಲ್ಲಿ ಬೇಕೆಂದೇ ಎಳೆದು ತಂದೆ. ಯಶವಂತಪುರಕ್ಕೆ ರೈಲಿನಲ್ಲಿ ಹೋದರೆ ಬೇಗವೋ ಬಸ್ಸಿನಲ್ಲೋ, ಯಾಕೆ? ಹೆಬ್ಬಾಳದ ಫ್ಲೈಓವರ್ ಹತ್ತಿರ ಅಪ್ಪನ ಆಟೋ ನಿಂತುಬಿಡುವುದು ಯಾವ ಹೊತ್ತಿನಲ್ಲಿ, ಯಾಕೆ? ‘ಯಾಕೆ’ ಇಲ್ಲದ ವಿಷಯವನ್ನು ನಾನೀಗ ಆರಿಸುವುದೇ ಇಲ್ಲ.

2025ರ ಫೆಬ್ರುವರಿಯಲ್ಲಿ ನಮ್ಮ ಯಲಹಂಕದ ವಾಯುನೆಲೆಯಲ್ಲಿ ಏರೋ ಇಂಡಿಯಾ. 1996ರಿಂದ ನಡೆಯುತ್ತಿರುವ ವೈಮಾನಿಕ ಪ್ರದರ್ಶನದ ಹದಿನೈದನೆಯದು, 10ರಿಂದ 14ರವರೆಗೆ. ತಾಲೀಮಿನ ದಿನಗಳಿಂದಲೇ ತಲೆಯ ಮೇಲೆ ಗುಡುಗು. ಪಾಠ ಹೇಳಿದರೆ ಕೇಳಿಸುತ್ತಿರಲಿಲ್ಲ, ಹಾಗಾಗಿ ವಿಮಾನವನ್ನೇ ವಿಷಯ ಮಾಡಿಕೊಂಡೆ. ಆ ಸಲ ರಷ್ಯಾದ ಸು-57, ಅಮೆರಿಕದ ಎಫ್-35 ಎರಡೂ ಬಂದಿದ್ದವು. ಹುಡುಗರಿಗೆ ಆ ಹೆಸರುಗಳು ನನಗಿಂತ ಮೊದಲೇ ಗೊತ್ತಿದ್ದವು. ‘ಫಾಸ್ಟರ್, ಹೈಯರ್, ಲೌಡರ್’ ಎಂದು ನಾನು ಮಾತು ಹೊಂದಿಸಿಟ್ಟುಕೊಂಡು ಬಂದಿದ್ದೆ.

ಎರಡನೆಯ ದಿನ, ವರ್ಷವೆಲ್ಲ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಬಾಯಿ ಬಿಡದೆ ಕೂತಿದ್ದ ಹುಡುಗನೊಬ್ಬ ಎದ್ದು ನಿಂತ. ‘ಮಿಸ್, ಅವರ್ ಶಾಪ್ ಈಸ್ ಕ್ಲೋಸ್ಡ್.’

‘ವೈ?’

‘ಬಿಕಾಸ್ ಪ್ಲೇನ್.’

ತರಗತಿಗೆ ಅರ್ಥವಾಗಲಿಲ್ಲ. ಅವರ ಮನೆಯದು ಕೋಳಿ ಅಂಗಡಿ. ಪ್ರದರ್ಶನಕ್ಕೆ ಮುಂಚಿನಿಂದ ಮುಗಿಯುವವರೆಗೂ ವಾಯುನೆಲೆಯ ಸುತ್ತಲಿನ ಮಾಂಸದಂಗಡಿಗಳು ಬಾಗಿಲು ಹಾಕಬೇಕು. ಬಿಸಾಡಿದ ಮಾಂಸಕ್ಕೆ ಹದ್ದು ಬರುತ್ತವೆ, ಹದ್ದು ಬಡಿದರೆ ವಿಮಾನಕ್ಕೂ ಪೈಲಟ್‌ಗೂ ಅಪಾಯ. ‘ಬೋರ್ಡಿಗೆ ಬಂದು ತೋರಿಸಪ್ಪ’ ಎಂದೆ. ಅವನು ಅಂಗಡಿ ಬರೆದ, ಕಸದ ರಾಶಿ ಬರೆದ, ಮೇಲೆ ಸುತ್ತುವ ಹದ್ದು, ಅದರ ಮೇಲೆ ವಿಮಾನ ಬರೆದ. ಹದ್ದಿಗೆ ಇಂಗ್ಲಿಷಿನಲ್ಲಿ ಏನೆಂದು ಕೇಳಿದರು. ‘ಕೈಟ್’ ಎಂದೆ. ‘ಅದು ಗಾಳಿಪಟ ಅಲ್ವಾ ಮಿಸ್?’ ಎರಡಕ್ಕೂ ಒಂದೇ ಹೆಸರು ಎಂದಾಗ ಎಲ್ಲರ ಕಣ್ಣೂ ಅರಳಿತು. ಹದ್ದು ಗಾಳಿಯ ಮೇಲೆ ರೆಕ್ಕೆ ಬಡಿಯದೆ ನಿಲ್ಲುವುದನ್ನು ಅವರೆಲ್ಲ ನೋಡಿದ್ದರು.

ಅವನು ಚಿತ್ರದ ಮೇಲೆ ಬೆರಳಿಡುತ್ತ ಹೋದ. ‘ಪೀಪಲ್ ಥ್ರೋ ಮೀಟ್. ಕೈಟ್ ಸೀಸ್ ಮೀಟ್. ಕೈಟ್ ಕಮ್ಸ್. ಪ್ಲೇನ್ ಕಮ್ಸ್. ಕೈಟ್ ಹಿಟ್ಸ್ ಪ್ಲೇನ್.’ ಅಷ್ಟೂ ಅವನದೇ ಮಾತು; ಎಡವಿದಾಗ ಎರಡು ಪದ ಹಿಂದಿನ ಬೆಂಚಿನಿಂದ ಬಂತು, ನನ್ನಿಂದ ಒಂದೂ ಇಲ್ಲ. ಹಾಲಿನ ಹುಡುಗಿ ‘ಹೌ ಮೆನಿ ಡೇಸ್ ಕ್ಲೋಸ್ಡ್?’ ಎಂದು ಕೇಳಿದಳು. ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ, ಜನವರಿ 23ರಿಂದ ಫೆಬ್ರುವರಿ 17ರವರೆಗೆ ಅವನು ಒಂದೊಂದೇ ಚೌಕದ ಮೇಲೆ ಬೆರಳಿಟ್ಟು ಎಣಿಸಿದ. ‘ಟ್ವೆಂಟಿ ಸಿಕ್ಸ್.’

ಒಂದು ಕ್ಷಣ ಆ ಸಂಖ್ಯೆಯ ಹತ್ತಿರವೇ ನಿಂತು, ನನ್ನ ಕಡೆ ತಿರುಗಿ ಕೇಳಿದ: ‘ಟ್ವೆಂಟಿ ಸಿಕ್ಸ್ ಡೇಸ್ ಮನಿ, ಹೂ ವಿಲ್ ಗಿವ್, ಮಿಸ್?’

ಗೊತ್ತಿಲ್ಲ ಎಂದು ಎರಡು ಭಾಷೆಯಲ್ಲೂ ಹೇಳಿದೆ. ಯಾರನ್ನು ಕೇಳಬೇಕು ಎಂದ. ಪಾಲಿಕೆಯವರನ್ನು ಕೇಳಬಹುದು, ಕಾಗದ ಬರೆಯಬಹುದು ಎಂದೆ. ಅಷ್ಟರಲ್ಲಿ ಬೆಲ್ ಹೊಡೆಯಿತು, ನಾನು ಡಸ್ಟರ್ ಎತ್ತಿಕೊಂಡೆ. ‘ಅಳಿಸಬೇಡಿ ಮಿಸ್,’ ಎಂದು ಅವನು ಬೋರ್ಡಿಗೆ ಅಡ್ಡ ನಿಂತ, ‘ನಾಳೆ ಅದನ್ನ ನೋಡ್ಕೊಂಡು ಬರೀತೀನಿ.’